ಪಾದ್ರಿ ಕಿಟ್ಟೆಲರ ಪದ್ಯಮಾರ್ಗ

ಕಿಟ್ಟೆಲ್ ಎಂದೊಡನೆ ನಮ್ಮ ವಿದ್ಯಾರ್ಥಿಗಳ ಕಣ್ಣ ಮುಂದೆ ಬರುವುದು ಎರಡು ಕೈಗಳಿಂದ ಎತ್ತಬೇಕಾದ ಆ ಮಹಾನಿಘಂಟು. ನಾನೂ ಬಹುಕಾಲ ಅವರನ್ನು ಕೋಶಕಾರರೆಂದಷ್ಟೇ ಬಲ್ಲವನಾಗಿದ್ದೆ. ಆದರೆ ಅವರು ಮೊದಲು ಪಾದ್ರಿ, ಬಳಿಕ ಪದ್ಯಕಾರ, ಕೋಶಕಾರರಾದುದು ಅದಕ್ಕೂ ತರುವಾಯ. ಈ ಕ್ರಮವನ್ನು ಮರೆತರೆ ನಿಘಂಟಿನ ಹಿಂದಿದ್ದ ಹಂಬಲವೇ ನಮಗೆ ತಿಳಿಯದೆ ಹೋಗುತ್ತದೆ.

ಫರ್ಡಿನೆಂಡ್ ಕಿಟ್ಟೆಲ್ 1832ರಲ್ಲಿ ಜರ್ಮನಿಯ ಉತ್ತರ ಕರಾವಳಿಯ ಫ್ರೀಸಿಯಾ ಸೀಮೆಯಲ್ಲಿ ಹುಟ್ಟಿದರು. ತಂದೆಯೂ ಪಾದ್ರಿಯೇ. ಹುಡುಗನಿಗೆ ಹೀಬ್ರೂ, ಗ್ರೀಕ್, ಲ್ಯಾಟಿನ್ ಭಾಷೆಗಳ ಶಿಕ್ಷಣ ದೊರೆತಿತ್ತು. 1850ರಲ್ಲಿ ಬಾಸೆಲ್ ಮಿಷನ್ನಿನ ವಿದ್ಯಾಲಯವನ್ನು ಸೇರಿ, 1853ರಲ್ಲಿ ಧಾರವಾಡ ಪ್ರಾಂತಕ್ಕೆ ಬಂದಿಳಿದಾಗ ಅವರಿಗೆ ಇಪ್ಪತ್ತೊಂದು ವರ್ಷ. ಮುಂದೆ ಮಂಗಳೂರು, ಮಡಿಕೇರಿಗಳಲ್ಲಿಯೂ ಇದ್ದರು.

ಆ ಕಾಲದ ಪ್ರೊಟೆಸ್ಟೆಂಟ್ ಪಾದ್ರಿಗಳಿಗೆ, ಇಂಗ್ಲೆಂಡಿನವರಾಗಲಿ ಜರ್ಮನರಾಗಲಿ, ಸ್ತೋತ್ರಗೀತವೆಂಬುದು ಉಪದೇಶದಷ್ಟೇ ಮುಖ್ಯ. ಇಲ್ಲಿಯ ಸಭೆಗಳಿಗಾಗಿ ಜರ್ಮನ್ ಗೀತಗಳನ್ನು ಕನ್ನಡಿಸಿ, ಆ ದೇಶದ ಧಾಟಿಯಲ್ಲಿಯೇ ಹಾಡಿಸುವ ಪದ್ಧತಿ ಬೆಳೆಯಿತು. ಭಕ್ತಿಗೆ ಇದರಿಂದ ಕುಂದೇನೂ ಇಲ್ಲ, ಸಂಕಟವೆಲ್ಲ ಕಿವಿಯದು. ಕನ್ನಡದಲ್ಲಿ ಲಘುವನ್ನು ಗುರುವಾಗಿ ಎಳೆದರೆ ಮಾತೇ ಬೇರೆಯಾಗುತ್ತದೆ. ರಾಗಕ್ಕಾಗಿ ಎಳೆದ 'ಬಿಡು' ಕೇಳುವವನಿಗೆ 'ಬೀಡು' ಆಗಿಬಿಡುತ್ತದೆ.

ನಮ್ಮ ತುರುವನೂರಿನ ಮನೆಯ ಜಗಲಿಯಲ್ಲಿ ಅಜ್ಜ ಜೈಮಿನಿ ಭಾರತವನ್ನು ಓದುತ್ತಿದ್ದುದು ನನಗೆ ನೆನಪಿದೆ. ಅಕ್ಷರ ಬಾರದ ಮುದುಕರು ಕೂಡ ಷಟ್ಪದಿಯ ನಡೆಯೊಂದಿಗೆ ತಲೆದೂಗುತ್ತಿದ್ದರು. ಓದುವವರು ಮಾತ್ರೆ ತಪ್ಪಿದರೆ ಅವರ ಹುಬ್ಬು ಗಂಟಾಗುತ್ತಿತ್ತು. ಇಂಥ ಕಿವಿಗಳಿಗೆ ಕಥೆ ಮುಟ್ಟಬೇಕಾದರೆ ದಾರಿ ಯಾವುದೆಂಬುದನ್ನು ಕಿಟ್ಟೆಲರು ಬಲುಬೇಗ ಕಂಡುಕೊಂಡರು. 1862ರಲ್ಲಿ ಪ್ರಕಟವಾದ ಅವರ 'ಕಥಾಮಾಲೆ' ಏಸುಕ್ರಿಸ್ತನ ಚರಿತೆಯನ್ನು ನಮ್ಮ ದೇಶದ ಹಾಡುಗಬ್ಬದ ರೀತಿಯಲ್ಲಿ ಹೇಳುತ್ತದೆ. ಹೊರನಾಡಿನ ಮೂವತ್ತು ವರ್ಷದ ಯುವಕನ ಮಟ್ಟಿಗೆ ಇದು ಸಾಮಾನ್ಯವಾದ ಸಾಹಸವಲ್ಲ. ಲಕ್ಷ್ಮೀಶನ ಪಂಕ್ತಿಯಲ್ಲಿ ಅವರನ್ನು ಕೂರಿಸಬೇಕೆಂದು ನಾನು ಹೇಳುವುದಿಲ್ಲ, ಅವರೂ ಅದನ್ನು ಬಯಸಿರಲಾರರು.

ಉದ್ದೇಶ ಮತಪ್ರಚಾರವೇ ಆಗಿತ್ತೆಂಬುದನ್ನು ಮುಚ್ಚಿಡಬೇಕಾಗಿಲ್ಲ. ಇಲ್ಲಿಯ ಧರ್ಮಗಳನ್ನು ಅವರು ಖಂಡಿಸುವವರೇ; ಯಜ್ಞ, ಲಿಂಗಪೂಜೆಗಳನ್ನು ಕುರಿತು ಅವರು ಬರೆದುದನ್ನೆಲ್ಲ ನಾವು ಒಪ್ಪಬೇಕಾಗಿಯೂ ಇಲ್ಲ. ವಿಚಿತ್ರವೆಂದರೆ ಪ್ರಚಾರಕರಾಗಿ ಅವರು ಗೆಲ್ಲಲಿಲ್ಲ. ಭಾರತೀಯರೊಡನೆ ಭಾರತೀಯನಾಗಿ ಬೆರೆಯಬೇಕೆಂಬ ಅವರ ಹಟ ಮೇಲಿನವರಿಗೆ ಹಿಡಿಸಲಿಲ್ಲ. ತಮ್ಮವರ ನಡುವೆಯೇ ಒಂಟಿಯಾದರು. ಮನೆಯಲ್ಲಿಯೂ ದುಃಖ ಕಾದಿತ್ತು: ಮೊದಲ ಪತ್ನಿ ಪೌಲಿನ್ ಅಕಾಲದಲ್ಲಿ ತೀರಿಕೊಂಡರು. ಅನಂತರ ಆಕೆಯ ಸೋದರಿ ಜೂಲಿಯನ್ನು ವರಿಸಿದರು.

ಉಪದೇಶದ ಹಾದಿ ಕಿರಿದಾದಂತೆ ವಿದ್ಯೆಯ ಹಾದಿ ಹಿರಿದಾಯಿತು. ಕನ್ನಡದಲ್ಲಿ ಪದ್ಯ ಕಟ್ಟಹೊರಟವನಿಗೆ ವ್ಯಾಕರಣವೂ ಬೇಕು, ಛಂದಸ್ಸೂ ಬೇಕು. ಕೇಶಿರಾಜನ 'ಶಬ್ದಮಣಿದರ್ಪಣ'ವನ್ನು 1872ರಲ್ಲಿ, ನಾಗವರ್ಮನ 'ಛಂದೋಂಬುಧಿ'ಯನ್ನು 1875ರಲ್ಲಿ ಸಂಪಾದಿಸಿ ಮಂಗಳೂರಿನಲ್ಲಿ ಅಚ್ಚುಮಾಡಿಸಿದರು. ಓಲೆಗರಿಗಳಲ್ಲಿದ್ದ ಈ ಶಾಸ್ತ್ರಗ್ರಂಥಗಳು ಅಚ್ಚಿನಲ್ಲಿ ಹರಡುವುದಕ್ಕೆ ಆ ಆವೃತ್ತಿಗಳಿಂದ ಆದ ಉಪಕಾರ ಎಷ್ಟೆಂಬುದನ್ನು ನಮ್ಮ ಎಂ.ಎ. ತರಗತಿಗಳು ಬಲ್ಲವು.

ಶಬ್ದಗಳ ಬೇಟೆಯೂ ಈ ನಡುವೆ ಮೊದಲಾಗಿತ್ತು. 1877ರಲ್ಲಿ ಸ್ವದೇಶಕ್ಕೆ ಹಿಂದಿರುಗಿದವರು ನಿಘಂಟಿಗಾಗಿ 1883ರಲ್ಲಿ ಮತ್ತೆ ಇಲ್ಲಿಗೆ ಬಂದರು. ಪಂಡಿತರ ನೆರವಿನಿಂದ ಹಳಗನ್ನಡದ ಪದಗಳನ್ನು ಬಿಡಿಸಿದರು. ಜನರ ಬಾಯಿಂದ ಆಡುನುಡಿಗಳನ್ನೂ ಗಾದೆಗಳನ್ನೂ ಆಯ್ದರು. ಕೇಶಿರಾಜನ ಪ್ರಯೋಗದ ಪಕ್ಕದಲ್ಲಿ ಹಳ್ಳಿಯ ಗಾದೆಯೊಂದು ಸಂಕೋಚವಿಲ್ಲದೆ ಕುಳಿತಿರುವುದನ್ನು ಕಂಡಾಗಲೆಲ್ಲ ನನಗೆ ಕಥಾಮಾಲೆಯ ಪಾದ್ರಿಯೇ ನೆನಪಾಗುತ್ತಾರೆ. ಸುಮಾರು 70,000 ಪದಗಳ ಆ ಕೋಶ 1894ರಲ್ಲಿ ಬಾಸೆಲ್ ಮಿಷನ್ ಮುದ್ರಣಾಲಯದಿಂದ ಹೊರಬಂದಿತು. ಟ್ಯೂಬಿಂಗೆನ್ ವಿಶ್ವವಿದ್ಯಾನಿಲಯ ಗೌರವ ಡಾಕ್ಟರೇಟ್ ನೀಡಿತು.

ಅಷ್ಟಕ್ಕೂ ಅವರು ಸುಮ್ಮನಿರಲಿಲ್ಲ. ಕನ್ನಡದ ವ್ಯಾಕರಣವೊಂದನ್ನು ಇಂಗ್ಲಿಷಿನಲ್ಲಿ ಬರೆದರು. ಅದು 1903ರಲ್ಲಿ ಮಂಗಳೂರಿನಲ್ಲಿ ಅಚ್ಚಾಯಿತು. ಅದೇ ವರ್ಷದ ಡಿಸೆಂಬರಿನಲ್ಲಿ ಟ್ಯೂಬಿಂಗೆನ್ನಿನಲ್ಲಿ ಕಿಟ್ಟೆಲರು ಕಣ್ಮುಚ್ಚಿದರು.