ತಿಮ್ಮೋಜಿ

ತಿಮ್ಮೋಜಿಯು (ತಿಮ್ಮಯ್ಯ, ತಿಮೋಜ ಎಂಬ ರೂಪಗಳೂ ಉಂಟು) ಹದಿನಾರನೆಯ ಶತಮಾನದ ಆರಂಭದಲ್ಲಿ ಶರಾವತಿಯ ಮುಖದಲ್ಲಿರುವ ಹೊನ್ನಾವರವನ್ನು ನೆಲೆಯಾಗಿಸಿಕೊಂಡಿದ್ದ ನೌಕಾನಾಯಕ. ಪೋರ್ಚುಗೀಸ್ ಬರಹಗಾರರು ಇವನನ್ನು ಕಡಲ್ಗಳ್ಳನೆಂದು ಕರೆದಿದ್ದಾರೆ. ಆದರೆ ಕುದುರೆ ಹೊತ್ತ ಹಡಗುಗಳು ಗೋವೆಗೆ ಹೋಗದಂತೆ ತಡೆದು, ವಿಜಯನಗರಕ್ಕೆ ಅನುಕೂಲವಾದ ಭಟ್ಕಳದ ಕಡೆಗೆ ತಿರುಗಿಸುವುದು ಇವನ ಕೆಲಸವಾಗಿದ್ದುದರಿಂದ ಆ ಹೆಸರು ಪೂರ್ತಿ ಒಪ್ಪುವಂಥದಲ್ಲ. ಗೋವೆ ಆಗ ಬಿಜಾಪುರದ ಆದಿಲಶಾಹಿಗಳ ವಶದಲ್ಲಿತ್ತು. ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿಗಳ ಬಯಲುನಾಡನ್ನು ಆಳುತ್ತಿದ್ದ ಆ ಅರಸರಿಗೆ ಅದು ಕಡಲಿನ ಮುಖ್ಯ ಬಾಗಿಲುಗಳಲ್ಲೊಂದು.

ಪೋರ್ಚುಗೀಸರೊಡನೆ ಇವನ ಸಂಬಂಧ ಹಗೆತನದಿಂದಲೇ ಮೊದಲಾಯಿತು. ವಾಸ್ಕೋ ಡ ಗಾಮನು 1498ರಲ್ಲಿ ಅಂಜುದೀವದಲ್ಲಿ ತಂಗಿದ್ದಾಗ ಇವನ ದೋಣಿಗಳು ಮರದ ಕೊಂಬೆಗಳ ಮರೆಯಲ್ಲಿ ಸಮೀಪಿಸಿದವೆಂದು ಅವರ ಚರಿತ್ರೆಗಳು ಹೇಳುತ್ತವೆ. 1505ರಲ್ಲಿ ಅಲ್ಮೇಡನು ಹೊನ್ನಾವರದಲ್ಲಿ ಹಡಗುಗಳನ್ನು ಸುಟ್ಟ ಮೇಲೆ ತಿಮ್ಮೋಜಿ ಸಂಧಾನಕ್ಕೆ ಮುಂದಾದನು.

1510ರ ಭೇಟಿ

ಕೆಂಪು ಸಮುದ್ರದ ಕಡೆಗೆ ಹೊರಟಿದ್ದ ಅಲ್ಬುಕರ್ಕನ ನೌಕಾಪಡೆಯನ್ನು 1510ರ ಆರಂಭದಲ್ಲಿ ತಿಮ್ಮೋಜಿ ಹೊನ್ನಾವರದ ಸಮೀಪದ ಕಡಲಿನಲ್ಲಿ ಸ್ನೇಹದಿಂದ ಎದುರುಗೊಂಡನು. ಐದು ವರ್ಷಗಳ ಹಿಂದೆ ಇದೇ ತೀರದಲ್ಲಿ ಬೆಂಕಿ ಹಚ್ಚಿದವರ ಹಡಗುಗಳವು. ಮಾತು ಮರ್ಯಾದೆಗಷ್ಟೇ ನಿಲ್ಲಲಿಲ್ಲ. ದೀವ್ ಕದನದಲ್ಲಿ (1509) ಸೋತು ಉಳಿದ ರೂಮಿಗಳು ಗೋವೆಯಲ್ಲಿ ಹೊಸ ಹಡಗುಗಳನ್ನು ಕಟ್ಟಿಸುತ್ತಿದ್ದಾರೆ, ನಗರದ ಕಾವಲು ಸಡಿಲವಾಗಿದೆ ಎಂಬ ಸುದ್ದಿಯನ್ನು ಅವನು ಮುಟ್ಟಿಸಿದನು. ಅಲ್ಬುಕರ್ಕನು ದಾರಿ ಬದಲಿಸಿದನು. ತಿಮ್ಮೋಜಿಯ ಪಡೆ ಕಾಳಿ ನದೀಮುಖದ ಚಿಂತಾಕೋರ ಕೋಟೆಯ ಮೇಲೆ ಬಿದ್ದಿತು; ಗೋವೆ ಹೆಚ್ಚಿನ ಕಾದಾಟವಿಲ್ಲದೆ ಶರಣಾಯಿತು.

ಗೋವೆಯನ್ನು ತನಗೇ ವಹಿಸಿಕೊಟ್ಟು, ಪೋರ್ಚುಗೀಸರು ಕಪ್ಪ ಪಡೆದು ತೃಪ್ತರಾಗುವರೆಂದು ತಿಮ್ಮೋಜಿ ಎಣಿಸಿದ್ದನು. ಇವನ ಬಾಳಿನ ದೊಡ್ಡ ತಪ್ಪೆಣಿಕೆ ಇದೇ ಎನ್ನಬೇಕು. ಅಲ್ಬುಕರ್ಕನು ನಗರವನ್ನು ತನ್ನಲ್ಲೇ ಉಳಿಸಿಕೊಂಡು, ಇವನಿಗೆ ಸ್ಥಳೀಯ ಜನರ ಮೇಲಿನ ಅಧಿಕಾರವನ್ನೂ ಕಂದಾಯದ ಹೊಣೆಯನ್ನೂ ಕೊಟ್ಟನು. ನಾಣ್ಯದ ಕೊರತೆ ನೀಗಲು ಅಲ್ಲಿ ಟಂಕಸಾಲೆ ತೆರೆಯುವಂತೆ ಸಲಹೆ ಮಾಡಿದವರಲ್ಲಿ ತಿಮ್ಮೋಜಿಯೂ ಒಬ್ಬನು.

ಮೇ ತಿಂಗಳಲ್ಲಿ ಬಿಜಾಪುರದ ಸೈನ್ಯ ಗೋವೆಯನ್ನು ಮರಳಿ ಪಡೆಯಿತು. ಪೋರ್ಚುಗೀಸರು ಮಾಂಡವಿಯ ನೀರಿನಲ್ಲೇ ಮಳೆಗಾಲವನ್ನು ಹಸಿವಿನೊಡನೆ ಕಳೆಯಬೇಕಾಯಿತು. ನವೆಂಬರ್ 25ರಂದು ಅವರು ನಗರವನ್ನು ಮತ್ತೆ ಗೆದ್ದರು. ಆ ಮೇಲೆ ಅದು 1961ರವರೆಗೂ ಅವರಲ್ಲೇ ಉಳಿಯಿತು.

ಕೊನೆಯ ದಿನಗಳು

ಎರಡನೆಯ ಗೆಲುವಿನ ಅನಂತರ ತಿಮ್ಮೋಜಿಯ ಸ್ಥಾನ ಕುಗ್ಗಿ, ಹೊನ್ನಾವರದ ರಾಜಮನೆತನದ ಮಲ್ಹಾರರಾಯನಿಗೆ ಅಧಿಕಾರ ಸಂದಿತು. 1511ರಲ್ಲಿ ಅಲ್ಬುಕರ್ಕನು ಮಲಕ್ಕಾಕ್ಕೆ ಹೋಗಿದ್ದಾಗ ಬಿಜಾಪುರದ ಸೈನ್ಯ ಪುನಃ ಗೋವೆಯ ಮೇಲೆ ಬಂದಿತು. ಅದನ್ನು ಎದುರಿಸಿ ಸೋತ ಇಬ್ಬರೂ ವಿಜಯನಗರವನ್ನು ಸೇರಿದರು. ಮಲ್ಹಾರರಾಯನು ಮುಂದೆ ಹೊನ್ನಾವರಕ್ಕೆ ಮರಳಿ ಅರಸನಾದನು. ತಿಮ್ಮೋಜಿ ಕಡಲಿನಿಂದ ದೂರದ ವಿಜಯನಗರದಲ್ಲೇ ತೀರಿಕೊಂಡನು.