ಸುರಪುರದ ಟೇಲರ್ ಸಾಹೇಬ: ಕೈತಪ್ಪಿದ ವ್ಯಾಪಾರ, ಕೈಹಿಡಿದ ಸಂಸ್ಥಾನ

ಸುರಪುರದ ಗುಡ್ಡದ ಮೇಲೆ ಇಂದಿಗೂ ನಿಂತಿರುವ 'ಟೇಲರ್ ಮಂಜಿಲ್' ಕಟ್ಟಿಸಿದ ಫಿಲಿಪ್ ಮೆಡೋಸ್ ಟೇಲರ್ (1808-1876) ಭಾರತಕ್ಕೆ ಬಂದದ್ದು ಆಳುವುದಕ್ಕಲ್ಲ, ವ್ಯಾಪಾರಕ್ಕೆ. ಲಿವರ್‌ಪೂಲ್‌ನಲ್ಲಿ ಜನಿಸಿದ ಈತ 15ರ ಹರೆಯದಲ್ಲಿ ಮುಂಬಯಿಗೆ ಹಡಗೇರಿದ. ಮುಂದೆ ಪಾಲುದಾರನನ್ನಾಗಿ ಮಾಡಿಕೊಳ್ಳುವುದಾಗಿ ಭರವಸೆಯಿತ್ತಿದ್ದ ವರ್ತಕನ ವ್ಯವಹಾರ ಅದಾಗಲೇ ಸಂಕಷ್ಟದಲ್ಲಿತ್ತು. ಹುಡುಗ 1824ರಲ್ಲಿ ಹೈದರಾಬಾದ್ ನಿಜಾಮನ ಸೇವೆಗೆ ಸೇರಬೇಕಾಯಿತು.

ಅಲ್ಲಿಯೂ ಅದೃಷ್ಟ ಕೈಕೊಟ್ಟಿತು. ಥಗ್ಗರ ಜಾಲದ ಬೆನ್ನುಹತ್ತಿದ್ದ ಟೇಲರ್‌ಗೆ ತನಿಖೆ ಪೂರ್ಣಗೊಳ್ಳುವ ಮುನ್ನವೇ ಪಡೆಗೆ ಮರಳುವ ಆದೇಶ ಬಂತು. ಕೀರ್ತಿ ಸ್ಲೀಮನ್ ಪಾಲಾಯಿತು. ಆದರೆ ಆ ಅನುಭವವೇ 1839ರಲ್ಲಿ 'ಕನ್‌ಫೆಷನ್ಸ್ ಆಫ್ ಎ ಥಗ್' ಕಾದಂಬರಿಯಾಗಿ ಇಂಗ್ಲೆಂಡಿನಲ್ಲಿ ಆತನಿಗೆ ಹೆಸರು ತಂದಿತು.

ಶಾಲಾ ಶಿಕ್ಷಣ ಅರ್ಧಕ್ಕೇ ನಿಂತಿತ್ತು. ಭಾಷೆ, ಕಾನೂನು, ಭೂಮಾಪನಗಳನ್ನು ಸ್ವಂತ ಪರಿಶ್ರಮದಿಂದಲೇ ಕಲಿತ. ರಾಜಾ ಕೃಷ್ಣಪ್ಪ ನಾಯಕರ ನಿಧನಾನಂತರ ಬಾಲಕ ವೆಂಕಟಪ್ಪ ನಾಯಕರ ಪರವಾಗಿ ಸಂಸ್ಥಾನದ ಆಡಳಿತ ನೋಡಿಕೊಳ್ಳುವ ಹೊಣೆ ಹೆಗಲೇರಿದಾಗ ಈ ಸ್ವಯಂಕಲಿಕೆಯೇ ಒದಗಿಬಂತು. 1853ರವರೆಗೆ ಕಂದಾಯ ವ್ಯವಸ್ಥೆ, ರಸ್ತೆ, ಕೆರೆಗಳತ್ತ ಗಮನಹರಿಸಿದ. ರಾಜನಕೋಳೂರಿನ ಶಿಲಾಸಮಾಧಿಗಳನ್ನು ವಿದ್ವತ್‌ಲೋಕಕ್ಕೆ ಪರಿಚಯಿಸಿದ್ದೂ ಈತನೇ. ಬ್ರಿಟಿಷ್ ಹಿತವನ್ನೇ ಕಾಯುತ್ತಿದ್ದ ಅಧಿಕಾರಿ ಎಂಬುದನ್ನು ಮಾತ್ರ ಮರೆಯುವಂತಿಲ್ಲ.

ಮಗನಂತೆ ಬೆಳೆಸಿದ ವೆಂಕಟಪ್ಪ ನಾಯಕರು 1858ರಲ್ಲಿ ಬ್ರಿಟಿಷರ ವಿರುದ್ಧ ಬಂಡೆದ್ದು ಸೆರೆಯಾದರು. ಟೇಲರ್ ಸೆರೆಮನೆಯಲ್ಲಿ ಭೇಟಿಯಾದ. ಮರಣದಂಡನೆ ತಗ್ಗಿತಾದರೂ, ಬಂಧನಸ್ಥಳಕ್ಕೆ ಕರೆದೊಯ್ಯುತ್ತಿದ್ದ ಹಾದಿಯಲ್ಲಿ ಯುವ ರಾಜರು ಗುಂಡೇಟಿನಿಂದ ಅಸುನೀಗಿದರು.