ಛಾಯಾಚಿತ್ರಕಾರ ಟಿ. ಎಸ್. ಸತ್ಯನ್‌ರವರು

ಕೊಪ್ಪ, ಶೃಂಗೇರಿ, ನರಸಿಂಹರಾಜಪುರಗಳಲ್ಲಿರುವ ನಮ್ಮ ಹಳೆಯ ವಿದ್ಯಾರ್ಥಿನಿಯರ ಮನೆಗಳಲ್ಲಿ ತರಗತಿಯ ಸಮೂಹಚಿತ್ರವೊಂದು ಗೋಡೆಯ ಮೇಲಿರುವುದು ಸಾಮಾನ್ಯವಷ್ಟೆ. ಅದರೊಳಗಿನ ಮುಖಗಳನ್ನು ನಾವು ಗುರುತಿಸುತ್ತೇವೆ. ಅದನ್ನು ತೆಗೆದವರನ್ನು ನೆನೆಯುವುದಿಲ್ಲ. ಈ ಕೊರತೆಯನ್ನು ತುಸುವಾದರೂ ನೀಗಲೆಂದು ದಿವಂಗತ ಟಿ. ಎಸ್. ಸತ್ಯನ್‌ರವರ ಜೀವನವೃತ್ತಾಂತವನ್ನು ಸಂಗ್ರಹವಾಗಿ ನಿವೇದಿಸುತ್ತೇವೆ.

ಸತ್ಯನ್‌ರವರು 1923ನೆಯ ಡಿಸೆಂಬರ್ 18ರಂದು ಮೈಸೂರಿನಲ್ಲಿ ಜನಿಸಿದರು. ಬನುಮಯ್ಯನವರ ಶಾಲೆಯಲ್ಲಿ ಓದುತ್ತಿದ್ದ ಕಾಲದಲ್ಲಿಯೇ ಅವರಿಗೆ ಛಾಯಾಗ್ರಹಣದ ಗೀಳು ಹತ್ತಿತು. ಆಗ ಕ್ಯಾಮೆರಾ ಉಳ್ಳವರ ವಸ್ತುವಾಗಿದ್ದಿತು. ಒಂದು ಸುರುಳಿ ಫಿಲ್ಮಿನಲ್ಲಿ ಎಂಟೋ ಹನ್ನೆರಡೋ ಚಿತ್ರಗಳು ಮಾತ್ರ; ಅವನ್ನು ಕತ್ತಲೆಕೋಣೆಯಲ್ಲಿ ಔಷಧದ್ರವಗಳಲ್ಲಿ ತೊಳೆದ ಬಳಿಕವೇ ಫಲವು ತಿಳಿಯುತ್ತಿದ್ದಿತು. ಒಂದು ತಪ್ಪಿದರೆ ಅಷ್ಟು ಹಣವೂ ವ್ಯರ್ಥ. ಆದುದರಿಂದ ಗುಂಡಿಯನ್ನೊತ್ತುವ ಮೊದಲು ಬಹಳ ಹೊತ್ತು ನೋಡುವುದನ್ನು ಕಲಿಯಬೇಕಾಗಿದ್ದಿತು. ನೋಡುವ ಈ ತಾಳ್ಮೆಯೇ ಆ ವಿದ್ಯೆಯ ಮೊದಲ ಪಾಠವು.

ಮಹಾರಾಜಾ ಕಾಲೇಜಿನಲ್ಲಿ ಪದವೀಧರರಾದವರಿಗೆ ಅಂದು ಸಂಬಳದ ಉದ್ಯೋಗವು ದುರ್ಲಭವಾಗಿರಲಿಲ್ಲ. ಛಾಯಾಚಿತ್ರಕಾರರನ್ನು ನೇಮಿಸಿಕೊಳ್ಳುವ ಪತ್ರಿಕೆಗಳಾದರೋ ವಿರಳ. ಆದರೂ ಸತ್ಯನ್‌ರವರು ಬಾಲ್ಯದ ಹವ್ಯಾಸವನ್ನೇ ಜೀವನೋಪಾಯವಾಗಿ ವರಿಸಿದರು. 1948ರಲ್ಲಿ ಬೆಂಗಳೂರಿನಲ್ಲಿ ಹೊಸದಾಗಿ ಹೊರಟ ಡೆಕ್ಕನ್ ಹೆರಾಲ್ಡ್ ಪತ್ರಿಕೆಯನ್ನು ಸೇರಿದರು; ಅನಂತರ ಇಲಸ್ಟ್ರೇಟೆಡ್ ವೀಕ್ಲಿಯಲ್ಲಿ ಕೆಲಸಮಾಡಿದರು. ಮುಂದೆ ಅವರ ಚಿತ್ರಗಳು ಅಮೆರಿಕೆಯ ಲೈಫ್ ಪತ್ರಿಕೆಯಲ್ಲಿಯೂ ಅಚ್ಚಾದುವು.

ಪ್ರಸಿದ್ಧ ಪುರುಷರ ಚಿತ್ರಗಳನ್ನು ಅವರು ತೆಗೆಯದಿರಲಿಲ್ಲ. ಆದರೆ ಅವರ ಮನಸ್ಸು ನೆಲಸಿದುದು ಆಡುವ ಮಕ್ಕಳಲ್ಲಿ, ದುಡಿಯುವ ಸ್ತ್ರೀಯರಲ್ಲಿ, ಹೆಸರಿಲ್ಲದ ಸಾಮಾನ್ಯರಲ್ಲಿ. ವಿಶ್ವ ಆರೋಗ್ಯ ಸಂಸ್ಥೆಗೂ ಯುನಿಸೆಫ್‌ಗೂ ಅವರು ಚಿತ್ರಗಳನ್ನು ತೆಗೆದುಕೊಟ್ಟರು. 1977ರಲ್ಲಿ ಅವರಿಗೆ ಪದ್ಮಶ್ರೀ ಪ್ರಶಸ್ತಿಯು ಲಭಿಸಿತು. 1979ರ ಅಂತಾರಾಷ್ಟ್ರೀಯ ಮಕ್ಕಳ ವರ್ಷದಲ್ಲಿ ನ್ಯೂಯಾರ್ಕಿನ ವಿಶ್ವಸಂಸ್ಥೆಯ ಕಾರ್ಯಸ್ಥಾನದಲ್ಲಿ ಅವರು ತೆಗೆದ ಮಕ್ಕಳ ಚಿತ್ರಗಳ ಪ್ರದರ್ಶನವು ಏರ್ಪಟ್ಟಿತು. ಎಂಬತ್ತಾರು ವರ್ಷಗಳು ತುಂಬಲು ಐದು ದಿನಗಳಿರುವಾಗ, 2009ನೆಯ ಡಿಸೆಂಬರ್ 13ರಂದು, ಅವರು ತೀರಿಕೊಂಡರು.

ತಂದೆತಾಯಂದಿರಲ್ಲಿ ನಮ್ಮದೊಂದು ವಿಜ್ಞಾಪನೆ. ಮಗಳು ಪಾಠಪುಸ್ತಕದ ಹೊರಗೆ ಯಾವುದಾದರೊಂದರಲ್ಲಿ ಮನಸ್ಸಿಟ್ಟರೆ ಅದನ್ನು ಕಾಲಹರಣವೆಂದು ಒಡನೆಯೇ ತಳ್ಳಿಹಾಕದಿರಿ. ಆ ಆಸಕ್ತಿಯು ನಾಳೆ ಅನ್ನವನ್ನೇ ಕೊಡಬೇಕೆಂದಿಲ್ಲ; ಎದುರಿಗಿರುವವರನ್ನು ಕಣ್ದೆರೆದು ನೋಡುವ ಗುಣವನ್ನು ಕಲಿಸಿದರೂ ಸಾಕು. ನಮ್ಮ ವಿದ್ಯಾರ್ಥಿನಿಯರೇ, ಮನೆಯ ಗೋಡೆಯ ಮೇಲಿನ ಆ ಹಳೆಯ ಚಿತ್ರವನ್ನು ಇನ್ನೊಮ್ಮೆ ನೋಡಿರಿ; ಅದರಲ್ಲಿರುವ ಒಡನಾಡಿಯರ ಹೆಸರುಗಳನ್ನು ಮರೆತುಹೋಗುವ ಮುನ್ನ ಅದರ ಹಿಂಬದಿಯಲ್ಲಿ ಬರೆದಿಡಿರಿ.